ಹಕ್ಕಿ ಅಂಗಿ

ಕಾಶವ್ವ ಕಪಾಟಿನಲ್ಲಿದ್ದ ಕೋಟುಗಳನ್ನೆಲ್ಲ ಹಾಸಿಗೆಯ ಮೇಲೆ ಎಳೆದು ಹಾಕಿ, ಒಂದೊಂದರ ಜೇಬನ್ನೂ ಹೊರಕ್ಕೆ ತಿರುವಿ ಕೊಡವುತ್ತಿದ್ದಳು. ಪೆಪ್ಪರಮಿಂಟಿನ ಕಾಗದ, ಕನ್ನಡಕದ ಒಂದು ಕಾಲು, ಮಡಿಸಿದ ಕರವಸ್ತ್ರ, ತುಕ್ಕು ಹಿಡಿದ ಪಿನ್ನು ಬಿದ್ದವು. ಬೀಳಬೇಕಾದದ್ದು ಬೀಳಲಿಲ್ಲ. ಗಂಡನ ಕೋಟುಗಳು ಮುಗಿದ ಮೇಲೆ ಮಗಳದ್ದು, ಮಗಳದ್ದು ಮುಗಿದ ಮೇಲೆ ತನ್ನದೇ ಕೋಟನ್ನೂ ತೆಗೆದು ತಿರುವಿದಳು. ಅದರಲ್ಲಿ ಇರುವ ಸಾಧ್ಯತೆಯೇ ಇರಲಿಲ್ಲ. ಕೈ ಸುಮ್ಮನಿರಬಾರದು, ಅಷ್ಟೆ.

ಹುಡುಕುತ್ತಿದ್ದದ್ದು ಅಮೃತಪ್ಪನ ಇಷ್ಟಲಿಂಗ. ಕೋಳಿಮೊಟ್ಟೆಗಿಂತ ಕೊಂಚ ದೊಡ್ಡ ಬೆಳ್ಳಿಯ ಕರಡಿಗೆ, ಅದರೊಳಗೆ ಕರಿ ಲಿಂಗ. ಗದಗದಲ್ಲಿ ಹುಟ್ಟಿದ ಕೂಸಿಗೆ ಅಯ್ಯನವರು ಕಟ್ಟಿದ್ದು. ಲಂಡನ್ನಿಗೆ ಬಂದು, ವೆಂಬ್ಲಿಯಲ್ಲಿ ಮನೆ ಮಾಡಿ, ಬಸ್ಸು ಓಡಿಸಿದ ಅಷ್ಟೂ ವರ್ಷ ಅದು ಅವನ ಮೈ ಬಿಟ್ಟಿರಲಿಲ್ಲ. ಮಣ್ಣಿಗೆ ಇಡುವಾಗ ಅದು ಅವನ ಎಡಗೈಯಲ್ಲಿರಬೇಕು. ಇಲ್ಲದೆ ಇಡುವುದುಂಟೇ? ಇವತ್ತು ಮಧ್ಯಾಹ್ನಕ್ಕೆ ಮಣ್ಣು. ಬೆಳಿಗ್ಗೆ ಅಂತ್ಯಸಂಸ್ಕಾರದ ಕಂಪನಿಯವನು ಫೋನು ಮಾಡಿ, ಬಟ್ಟೆ ತೊಡಿಸಿಯಾಯಿತು, ನೀವು ಹೇಳಿದ ಬೆಳ್ಳಿಯ ವಸ್ತು ಮಾತ್ರ ಮೈಮೇಲಿಲ್ಲ ಎಂದಿದ್ದ.

ಮಗಳು ಬೃಂದಾ ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಮಮ್, ಹಾಸ್ಪಿಟಲ್‌ನವರು ಅಗೇನ್ ಚೆಕ್ ಮಾಡಿದರಂತೆ. ಬಟ್ಟೆ, ವಾಚು, ಶೂಸ್. ದಟ್ಸ್ ಆಲ್. ಸಿಲ್ವರ್ ಎಗ್ ಥರ ಏನೂ ಇಲ್ಲ ಅಂತಾರೆ."

"ಎಗ್ ಅಲ್ಲವಾ ಅದು. ಲಿಂಗ."

"ಐ ನೋ, ಮಮ್. ಅವರಿಗೆ ನಾನು ಹೇಗೆ ಹೇಳಲಿ?"

"ಅವತ್ತ ಜೋಡಿ ಇದ್ದ ಆ ಜೇನ್‌ಗ ಕೇಳಿದೇನ?"

"ಕೇಳಿದೆ. ಡ್ಯಾಡ್ ಬಿದ್ದ ಜಾಗದಲ್ಲಿ ಎಲ್ಲ ಕಡೆ ನೋಡಿದಳಂತೆ. ಅವರ ಕತ್ತಿನಲ್ಲಿ ಯಾವತ್ತೂ ಏನೂ ನೋಡಿದ್ದೇ ಇಲ್ಲ ಅಂದಳು."

ಮಾತು ಕಾಶವ್ವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಒಂದು ವಾರದಿಂದ ಯಾರ ಮಾತೂ ಇಳಿಯುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು. ಅಳು ಬಂದಿರಲಿಲ್ಲ. ಗಂಡ ಸತ್ತು ವಾರವಾದರೂ ಅಳು ಬಂದಿಲ್ಲವಲ್ಲ ಎಂಬ ನಾಚಿಕೆ ಕೂಡ ಬಂದಿರಲಿಲ್ಲ. ಲಿಂಗ ಸಿಗಬೇಕು ಎಂಬ ಒಂದೇ ಒಂದು ಮಾತು ತಲೆಯಲ್ಲಿ ಉಳಿದಿತ್ತು, ಅವಳು ಅದನ್ನು ಹಿಡಿದುಕೊಂಡು ಓಡಾಡುತ್ತಿದ್ದಳು.

ಕೆಳಗೆ ಹಾರ್ನು ಕೇಳಿಸಿತು. ಕಾಶವ್ವ ಸೆರಗು ಸರಿಮಾಡಿಕೊಂಡು ಹಾಗೇ ಇಳಿದು ಹೋದಳು. ಅವಳ ಕೋಟು ಹಾಸಿಗೆಯ ಮೇಲೆ, ಜೇಬು ಹೊರಗೆ ಹಾಕಿಕೊಂಡು ಬಿದ್ದಿತ್ತು.

*

ಕಾರು ಸೈಮನ್‌ದು. ಉಡುಪಿ ಕಡೆಯವನು. ಅವನೂ ಅಮೃತಪ್ಪನೂ ಒಂದೇ ಡಿಪೋದಲ್ಲಿ ಬಸ್ಸು ಓಡಿಸಿ, ಒಂದೇ ವರ್ಷ ನಿವೃತ್ತರಾದವರು. ಕ್ಯಾಂಟೀನಿನಲ್ಲಿ ಇವನು ಮೀನು, ಅವನು ಚಪಾತಿ ಪಲ್ಯ. ಆದರೂ ಮೇಜು ಒಂದೇ. ಹೀಟರು ಜೋರಾಗಿ ಹಾಕಿದ್ದರಿಂದ ಅಕ್ಕ ಕೋಟು ಹಾಕಿಲ್ಲ ಎಂಬುದು ಅವನಿಗಾಗಲಿ ಬೃಂದಾಳಿಗಾಗಲಿ ಗೊತ್ತಾಗಲಿಲ್ಲ.

"ಹೆದರಬೇಡಿ ಅಕ್ಕ, ಸಿಗ್ತದೆ," ಅಂದ ಸೈಮನ್. "ಒಂದು ಪೆನ್ನು ಸಹ ಕಳಕೊಂಡವ ಅಲ್ಲ ಅವ."

"ಹೂಂ."

"ನಾನು ಎಷ್ಟು ಕೀಟಲೆ ಮಾಡ್ತಿದ್ದೆ ಗೊತ್ತುಂಟಾ? ಎಂತ ಮಾರಾಯಾ, ನಿನ್ನ ಹಕ್ಕಿಯೂ ದಿನಾ ಮೀನು ತಿಂತದೆ, ನಾನೂ ದಿನಾ ಮೀನು ತಿಂತೇನೆ. ಅದಕ್ಕೆ ಚಳವಳಿ, ನನಗೆ ಬೈಗುಳ. ಇದೆಂತ ನ್ಯಾಯ ಅಂತ. ಅದಕ್ಕೆ ಅವ ಹೇಳಿದ್ದು, ನಿನಗೆ ಓಡಾಕ ಕಾಲದಾವಲ್ಲೋ ಸೈಮನ್ ಅಂತ." ನಗುವುದಕ್ಕೆ ಹೋಗಿ ಸೈಮನ್‌ನ ದನಿ ಒಡೆಯಿತು. ಸಿಗ್ನಲ್ಲಿನಲ್ಲಿ ಕಣ್ಣೊರೆಸಿಕೊಂಡ.

ಕಾಶವ್ವ ಕಿಟಕಿಯಾಚೆ ನೋಡುತ್ತಿದ್ದಳು. ಈಲಿಂಗ್ ರೋಡಿನ ಅಂಗಡಿಗಳ ಮುಂದೆ ಮೆಂತೆಸೊಪ್ಪಿನ ಪೆಟ್ಟಿಗೆ ಇಳಿಸುತ್ತಿದ್ದರು. ಮನೆಯಲ್ಲಿ ಮೆಂತೆಸೊಪ್ಪು ಇದೆಯೋ ಇಲ್ಲವೋ ಎಂದು ಯೋಚಿಸಿದಳು.

*

ಆ ಹಕ್ಕಿ ಅವರ ಮನೆಗೆ ಬಂದದ್ದು ತೊಂಬತ್ತಾರನೆಯ ಇಸವಿಯ ಚಳಿಗಾಲದಲ್ಲಿ. ರಜೆಯ ದಿನ ಅಮೃತಪ್ಪ ಪೇಪರು ಓದಲು ಲೈಬ್ರರಿಗೆ ಹೋಗುತ್ತಿದ್ದ. ಅವತ್ತು ಅಲ್ಲಿ ಜೇನ್ ಎಂಬ ನಿವೃತ್ತ ಟೀಚರಮ್ಮ ಮೇಜು ಹಾಕಿಕೊಂಡು ಒಂದಿಷ್ಟು ಫೋಟೋ ಅಂಟಿಸಿ ನಿಂತಿದ್ದಳು. ಲೈಬ್ರರಿಗೆ ಬಂದವರೆಲ್ಲ ಆ ಮೇಜನ್ನು ಸುತ್ತಿ ಬಳಸಿ ಒಳಗೆ ಹೋದರು. ಇವನೊಬ್ಬ ನಿಂತ.

ಮನೆಗೆ ಬಂದವನು ಚಹಾ ಕುಡಿಯುತ್ತ ಹೇಳಿದ್ದ. ಸ್ಕಾಟ್ಲೆಂಡಿನ ಉತ್ತರಕ್ಕೆ ನಡುಗಡಲಲ್ಲಿ ಒಂದು ಬರಿ ಬಂಡೆಯ ದ್ವೀಪವಂತೆ. ವರ್ಷಕ್ಕೊಮ್ಮೆ ಒಂದು ಊರಿನ ಗಂಡಸರು ದೋಣಿಯಲ್ಲಿ ಅಲ್ಲಿಗೆ ಹೋಗಿ, ಗ್ಯಾನೆಟ್ ಎಂಬ ಕಡಲಹಕ್ಕಿಯ ಮರಿಗಳನ್ನು ಉದ್ದ ಕೋಲಿನ ಕುಣಿಕೆಯಲ್ಲಿ ಹಿಡಿದು ಕೊಂದು, ಉಪ್ಪು ಹಾಕಿ ತರುತ್ತಾರಂತೆ. ನೂರಾರು ವರ್ಷದ ರೂಢಿ. ಕಾನೂನೂ ಅವರಿಗೆ ಬಿಟ್ಟುಕೊಟ್ಟಿದೆ. ಆ ಮರಿಗೆ ಅವರ ಮಾತಿನಲ್ಲಿ ಗೂಗಾ ಎಂದು ಹೆಸರು.

"ಮರೀಗೆ ಹಾರಾಕ ಬರೂದಿಲ್ಲ ಕಾಶಿ. ತಿಂದ ತಿಂದ ತಾಯಿಗಿಂತ ಭಾರ ಆಗಿರತೈತಿ. ಕೋಲು ಬಂದ್ರ ಹಂಗ ನೋಡ್ಕೋತ ಕುಂತಿರತೈತಿ."

"ಆ ಮಂದಿ ಭಾಳ ಕೆಟ್ಟವರೇನ್ರಿ?"

"ಇಲ್ಲ ಬಿಡು. ನಮ್ಮಂಥಾವ್ರ. ಅವರಜ್ಜ ಮಾಡ್ತಿದ್ದ, ಅಪ್ಪ ಮಾಡ್ತಿದ್ದ, ಇವರೂ ಮಾಡ್ತಾರ. ಬೈಯಾಕ ಬರೂದಿಲ್ಲ. ಸಾಕು ಮಾಡ್ರೆಪಾ ಅಂತ ಕೇಳಬೇಕಷ್ಟ." ಕಪ್ಪನ್ನು ಕೆಳಗಿಟ್ಟ. "ತಾಯಿ ಮೀನ ತಗೊಂಡ ಬರತೈತಂತ. ಮರಿ ಇರೂದಿಲ್ಲ. ಆ ಖಾಲಿ ಜಾಗಾದಾಗ ನಿಂದರತೈತಂತ. ಎಷ್ಟೋ ದಿನಾ."

"ಕಡೀಗೆ ಎದ್ದು ಹೋಗತೈತಲ್ಲ?"

"ಹೋಗತೈತಿ."

"ಮತ್ತೇನು," ಎಂದು ಕಾಶವ್ವ ಕಪ್ಪು ಎತ್ತಿಕೊಂಡು ಒಳಗೆ ಹೋಗಿದ್ದಳು. ಅವಳಿಗೆ ಅದು ಯಾವುದೋ ದೇಶದ ಯಾವುದೋ ಹಕ್ಕಿಯ ಕತೆ. ಗಂಡನಿಗೆ ಯಾಕೆ ಅಷ್ಟು ಹತ್ತಿತು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಜನ್ಮದಲ್ಲಿ ಜೋರಾಗಿ ಮಾತಾಡದ ಮನುಷ್ಯ. ಬಸ್ಸಿನಲ್ಲಿ ಕುಡುಕರು ಬೈದರೂ 'ಸರ್' ಅನ್ನುತ್ತಿದ್ದವನು. ಅವನಿಗೆ ಅರವತ್ತರ ಹತ್ತಿರ ಬಂದು ಒಂದು ಹಟ ಹಿಡಿಯಿತು.

ಮರುವಾರ ಕೇಳಿಯೇಬಿಟ್ಟ. "ಒಂದು ಹಕ್ಕಿ ಅಂಗಿ ಹೊಲದು ಕೊಡತಿ ಏನು? ಮನಷಾ ಹಾಕ್ಕೊಳ್ಳೂವಂಥಾದ್ದು. ಬರೇ ಕಾಗದಾ ಹಂಚಿದ್ರ ಮಂದಿ ನಿಂದ್ರೂದಿಲ್ಲ."

"ನಿಮಗೇನ ತಲಿಗಿಲಿ ಕೆಟ್ಟೈತೇನ್ರಿ?" ಎಂದು ಬೈದು, ಬೈಯುತ್ತಲೇ ಹೊಲಿಯಲು ಕೂತಳು. ಅವಳಿಗೆ ಗೊತ್ತಿದ್ದ ಹೊಲಿಗೆ ಒಂದೇ, ಕೌದಿಯದು. ಹಳೆಯ ಧೋತರ, ಹಳೆಯ ಸೀರೆ, ಬೃಂದಾಳ ಶಾಲೆಯ ಫ್ರಾಕು, ಎಲ್ಲ ಪದರಾಗಿ ಒಂದರ ಮೇಲೊಂದು ಹಾಸಿ, ದಬ್ಬಣದಲ್ಲಿ ಒತ್ತೊತ್ತಾಗಿ ದಾರ ಎಳೆದಳು. ಮೇಲೆ ಬಿಳಿ, ಬೂದು ಬಟ್ಟೆಯ ಚೂರುಗಳನ್ನು ಮರಿಹಕ್ಕಿಯ ಪುಕ್ಕದ ಥರ ಸಾಲುಸಾಲಾಗಿ ಇಳಿಬಿಟ್ಟಳು. ಮೈಯಿಂದ ಮೊಣಕಾಲಿನವರೆಗೆ ಇಳಿಯುವ, ರೆಕ್ಕೆಯ ತೋಳಿನ, ತಲೆಗೆ ಮುಸುಕು ಇರುವ ಅಂಗಿ. ಚಳಿಗಾಲ ಪೂರ್ತಿ ಹಿಡಿಯಿತು.

ಅವಳ ತವರಿನಲ್ಲಿ ಕೌದಿ ಮುಗಿಸುವ ಮೊದಲು ನಡುವೆ ಅಂಗೈಯಗಲ ಬಿಟ್ಟು, ಅದರೊಳಗೆ ಒಂದು ಹಿಡಿ ಜೋಳ ಹಾಕಿ ಹೊಲಿಯುತ್ತಿದ್ದರು. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವೆಂದು ಅವಳವ್ವ ನಂಬಿದ್ದಳು. ಹಕ್ಕಿಯ ಹೊಟ್ಟೆಯ ಹತ್ತಿರ ಬಂದಾಗ ಕಾಶವ್ವನ ಕೈ ತಾನಾಗಿ ನಿಂತಿತು. ಇದೇನು ಕೌದಿಯೇ, ವೇಷದ ಅಂಗಿ, ಎಂದುಕೊಂಡಳು. ಆಮೇಲೆ ಎದ್ದು ಹೋಗಿ ಡಬ್ಬಿಯಿಂದ ಒಂದು ಹಿಡಿ ಜೋಳ ತಂದಳು.

*

ಸ್ಮಶಾನ ಹೇಸ್‌ನ ಆಚೆ. ಹೀಥ್ರೋಗೆ ಇಳಿಯುವ ವಿಮಾನಗಳು ಕಿವಿಗೆ ತಾಗಿದ ಹಾಗೆ ಹಾರುತ್ತಿದ್ದವು. ಪ್ರಾರ್ಥನೆಯ ಕೋಣೆಯಲ್ಲಿ ಪೆಟ್ಟಿಗೆ ತೆರೆದೇ ಇಟ್ಟಿದ್ದರು. ಹಣೆಗೆ ವಿಭೂತಿ ಬಳಿದುಕೊಂಡು ಅಮೃತಪ್ಪ ಮಲಗಿದ್ದ. ಎಡಗೈ ಎದೆಯ ಮೇಲೆ, ಅಂಗೈ ಮೇಲ್ಮುಖ, ಖಾಲಿ. ಕಾಶವ್ವ ಮುಖ ನೋಡಲಿಲ್ಲ. ಆ ಅಂಗೈಯನ್ನೇ ನೋಡಿದಳು.

ನಿಜಲಿಂಗಪ್ಪ ಎದುರಿಗೆ ಬಂದ. ಲಂಡನ್ನಿನ ತಮ್ಮ ಜನರ ಮದುವೆ, ತೊಟ್ಟಿಲು, ಮಣ್ಣು ಎಲ್ಲಕ್ಕೂ ಅವನೇ ಮುಂದಾಳು. ಅಯ್ಯನವರು ಸಿಗದ ಊರಿನಲ್ಲಿ ಮಂತ್ರ ಹೇಳುವವನೂ ಅವನೇ. ಒಳ್ಳೆಯವನು, ಬಾಯಿ ಮಾತ್ರ ಉದ್ದ.

"ಸಿಕ್ತೇನ್ರಿ ಕಾಶವ್ವಾರ?"

"ಇಲ್ರಿ."

"ಚಿಂತಿ ಬ್ಯಾಡ. ನಾ ಒಂದು ಹೊಸಾ ಲಿಂಗ ತಂದೀನಿ. ಮಠದಾಗ ಪೂಜಿ ಮಾಡಿಸಿ ತಂದಿಟ್ಟದ್ದು. ಇದನ್ನ ಇಡೂಣು. ಶಾಸ್ತ್ರಕ್ಕ ಏನೂ ಕಮ್ಮಿ ಆಗೂದಿಲ್ಲ."

"ಬ್ಯಾಡ್ರಿ."

"ಮತ್ತ ಬರಿಗೈಲೆ ಇಡಾಕ ಬರತೈತೇನ್ರಿ?"

"ಹಂಗೂ ಬ್ಯಾಡ."

"ಅಲ್ರೀ, ಅದೂ ಬ್ಯಾಡ ಇದೂ ಬ್ಯಾಡ ಅಂದ್ರ ಹೆಂಗ?"

ಕಾಶವ್ವ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ಊರಾಗ ಆಗಿದ್ರ ಕುಂಡ್ರಿಸಿ ಇಡ್ತಿದ್ರು. ಇಲ್ಲಿ ಆಗೂದಿಲ್ಲ, ಮಲಗಿಸಿ ಇಡಬೇಕು ಅಂದ್ರಿ. ಹೂಂ ಅಂದೆ. ಪೆಟಗಿ ಬೇಕಂದ್ರಿ, ಹೂಂ ಅಂದೆ. ಇದಕ್ಕ ಹೂಂ ಅನ್ನಂಗಿಲ್ಲ. ಅವರದು ಅವರಿಗೆ ಬೇಕು."

ಅವಳು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಿಜಲಿಂಗಪ್ಪ ಕೇಳಿದ್ದೇ ಇಲ್ಲ. ಕಪ್ಪು ಸೂಟಿನ ಸಿಬ್ಬಂದಿಯವನು ಬಂದು, ಈ ಕೋಣೆಯನ್ನು ಇನ್ನೊಂದು ಕುಟುಂಬಕ್ಕೆ ಬಿಟ್ಟುಕೊಡಬೇಕು, ಅರ್ಧ ಗಂಟೆಯೊಳಗೆ ಹೊರಡಿಸಿಬಿಟ್ಟರೆ ಒಳ್ಳೆಯದು ಎಂದು ಬೃಂದಾಳ ಕಿವಿಯಲ್ಲಿ ಹೇಳಿದ. ಕಾಶವ್ವ ಮುಂದಿನ ಬೆಂಚಿನಲ್ಲಿ ಕೂತಳು. ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಏಳಬಾರದು ಎಂದಷ್ಟೇ ಗೊತ್ತಿತ್ತು.

ಹಿಂದಿನ ಬೆಂಚಿನಲ್ಲಿ ಬೆಂಗಳೂರಿನ ಕಡೆಯ ಇಬ್ಬರು ಹೆಂಗಸರು ಪಿಸುಗುಡುತ್ತಿದ್ದರು.

"ಆ ಡ್ರೆಸ್ಸಲ್ಲೇ ಹೋಗ್ಬಿಟ್ರಂತೆ ಕಣೇ."

"ಟ್ರಾಫಲ್ಗರ್ ಸ್ಕ್ವೇರ್ ಮೆಟ್ಟಿಲ ಮೇಲೆ ಅಲ್ವಾ? ಅವರು ಕೊನೇಲಿ ಹಕ್ಕಿ ಸತ್ತ ಹಾಗೆ ಮಲಗಿ ತೋರಿಸ್ತಿದ್ರಂತೆ ಯಾವಾಗ್ಲೂ. ಅವತ್ತೂ ಹಾಗೇ ಅಂದ್ಕೊಂಡಿದಾರೆ ಎಲ್ಲಾರೂ."

"ಅಯ್ಯೋ ದೇವರೇ."

"ಜನ ಚಪ್ಪಾಳೆ ತಟ್ಟಿದ್ರಂತೆ. ಫೋಟೋನೂ ತೆಗ್ದಿದಾರೆ. ಏಳ್ಲಿಲ್ಲ ಅಂದ್ಮೇಲೇನೇ ಆ ಇಂಗ್ಲಿಷ್ ಹೆಂಗಸಿಗೆ ಗೊತ್ತಾಗಿದ್ದು."

ಕಾಶವ್ವ ಎಲ್ಲ ಕೇಳಿಸಿಕೊಂಡಳು. ಅವನು ಸತ್ತ ಮಂಗಳವಾರವೇ ಜೇನ್ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಇದನ್ನೆಲ್ಲ ಹೇಳಿ ಅತ್ತಿದ್ದಳು. ಅವತ್ತು ಕೂಡ ಕಾಶವ್ವ ಅವಳ ಬೆನ್ನು ಸವರಿ ಸಮಾಧಾನ ಮಾಡಿದ್ದಳೇ ಹೊರತು ತಾನು ಅತ್ತಿರಲಿಲ್ಲ.

*

ಅಂಗಿ ಹೊಲಿದುಕೊಟ್ಟಳು ಎಂದರೆ ಒಪ್ಪಿದ್ದಳು ಅಂತಲ್ಲ. ಹಕ್ಕಿ ಅಮೃತಪ್ಪ ಎಂಬ ಹೆಸರು ಬಿದ್ದದ್ದು ಒಂದೇ ವರ್ಷದಲ್ಲಿ. ಬಸವ ಜಯಂತಿಯ ಊಟದ ಸಾಲಿನಲ್ಲಿ ನಿಜಲಿಂಗಪ್ಪನೇ ಕೇಳುತ್ತಿದ್ದ, "ಏನೋ ಹಕ್ಕಿ ಅಮೃತಪ್ಪ, ಈ ವರ್ಷ ಎಷ್ಟು ಮರಿ ಉಳಸಿದಿ?" ಅಮೃತಪ್ಪ ನಕ್ಕು, "ಒಂದೂ ಇಲ್ಲೋ ಮಾರಾಯ. ಈ ವರ್ಷಾನೂ ಲೈಸೆನ್ಸ್ ಕೊಟ್ರು," ಎಂದು ಅನ್ನಕ್ಕೆ ಸಾರು ಕಲಸುತ್ತಿದ್ದ. ಕಾಶವ್ವ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅವನು ಹಕ್ಕಿಯಾಗಿ ನಿಂತದ್ದನ್ನು ನೋಡಲು ಒಂದು ದಿನವೂ ಅವಳು ಹೋಗಲಿಲ್ಲ. ಬಾ ಎಂದು ಅವನು ಕರೆದದ್ದು ಮೊದಲ ವರ್ಷ ಮಾತ್ರ.

ಎರಡು ಸಾವಿರದ ಇಸವಿಯಲ್ಲಿ ಬೃಂದಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಸಂದೀಪ್ ಎಂದು ಹುಡುಗ, ಬೆಂಗಳೂರಿನವರು, ದೊಡ್ಡ ಜನ. ಉಪ್ಪಿಟ್ಟು, ಶಿರಾ ಎಲ್ಲ ಸಾಂಗವಾಗಿತ್ತು. ಹುಡುಗನ ತಾಯಿ ಕೈ ತೊಳೆಯಲೆಂದು ಮೇಲೆ ಹೋದರು. ಆಮೇಲೆ ಕೇಳಿಸಿದ ಚೀರಾಟಕ್ಕೆ ಪಕ್ಕದ ಮನೆಯ ನಾಯಿ ಕೂಡ ಬೊಗಳಿತು. ಹಿಂದಿನ ದಿನ ಮಳೆಯಲ್ಲಿ ನೆನೆದ ಹಕ್ಕಿಯನ್ನು ಅಮೃತಪ್ಪ ಬಾತ್ರೂಮಿನ ಕೊಕ್ಕೆಗೆ ನೇತುಹಾಕಿದ್ದ. ಟಬ್ಬಿನ ಮೇಲೆ ಆಳೆತ್ತರದ ಹಕ್ಕಿ ರೆಕ್ಕೆ ಇಳಿಬಿಟ್ಟುಕೊಂಡು ತೊಟ್ಟಿಕ್ಕುತ್ತಿತ್ತು.

ಆ ಸಂಬಂಧ ಅಲ್ಲಿಗೇ ಮುಗಿಯಿತು. ಬೃಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಹುಡುಗ ಹಿಡಿಸಿರಲಿಲ್ಲ. ಕಾಶವ್ವ ನಗಲಿಲ್ಲ.

"ಇದು ಈ ಮನ್ಯಾಗ ಬ್ಯಾಡ," ಅಂದಳು. "ಅದಿದ್ರ ನಾ ಇರೂದಿಲ್ಲ."

ಅಮೃತಪ್ಪ ಹಸಿ ಅಂಗಿಯನ್ನು ಚೀಲಕ್ಕೆ ತುಂಬಿ, ಬಸ್ಸು ಹತ್ತಿ ಹೋಗಿ ಜೇನ್ ಮನೆಯಲ್ಲಿ ಇಟ್ಟು ಬಂದ. ಅಲ್ಲಿಂದಾಚೆ ಅದು ಅಲ್ಲೇ ಇತ್ತು. ಹರಿದರೆ ತಾನೇ ತೇಪೆ ಹಾಕಿಕೊಳ್ಳುತ್ತಿದ್ದನೇನೋ. ಹೊಲಿದುಕೊಡು ಎಂದು ಮತ್ತೆ ಕೇಳಲಿಲ್ಲ. ಮರುವರ್ಷ ಹೃದಯದ ಆಪರೇಷನ್ ಆಯಿತು. ಎದೆಯ ಗಾಯ ಮಾಗಿದ ಮೇಲೆ ಮತ್ತೆ ಹೊರಟ. ಐದು ವರ್ಷ ಕಾಶವ್ವ ಆ ಅಂಗಿಯ ಮುಖ ನೋಡಲಿಲ್ಲ.

*

ಜೇನ್ ಬಂದಾಗ ಅರ್ಧ ಗಂಟೆ ಮುಗಿಯುತ್ತ ಬಂದಿತ್ತು. ಟ್ಯೂಬು ರೈಲು, ಬಸ್ಸು ಹಿಡಿದು ಬಂದ ಎಪ್ಪತ್ತು ದಾಟಿದ ಹೆಂಗಸು, ಕೂದಲು ಗಾಳಿಗೆ ಕೆದರಿತ್ತು. ಹೆಗಲಿಗೆ ದೊಡ್ಡ ನೀಲಿ ಚೀಲ. ಚೀಲದ ಬಾಯಿಂದ ಬೂದು ಬಣ್ಣದ ಬಟ್ಟೆಯ ಚೂರುಗಳು ಕಾಣುತ್ತಿದ್ದವು.

ಅವಳು ನೇರ ಕಾಶವ್ವನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. "ಇದನ್ನು ಅವರ ಜೊತೆ ಕಳಿಸಬಹುದೇ ಅಂತ ತಂದೆ. ಬೇಡವೆಂದರೆ ನಿಮ್ಮ ಹತ್ತಿರವೇ ಇರಲಿ. ಅಂಬುಲೆನ್ಸಿನವರು ಎದೆ ಒತ್ತುವುದಕ್ಕೆ ಮುಂಭಾಗ ಕತ್ತರಿಸಬೇಕಾಯಿತು. ನಾನು ಹೊಲಿಯಲಿಲ್ಲ. ನಿಮ್ಮ ಹೊಲಿಗೆಯನ್ನು ನಾನು ಮುಟ್ಟಬಾರದು ಅನ್ನಿಸಿತು."

ನಿಜಲಿಂಗಪ್ಪನಿಗೆ ರೇಗಿತು. "ಏನ್ರಿ ಇದು! ಸಮಾಧಿಯೊಳಗ ನಾಟಕದ ವ್ಯಾಷಾ ಇಡೂದೇನು? ಬೃಂದಾ, ಹೇಳವಾ ಆಕೀಗೆ." ಆಮೇಲೆ ಕಾಶವ್ವನ ಕಡೆ ತಿರುಗಿ ದನಿ ತಗ್ಗಿಸಿದ. "ತಂಗಿ, ಹೊತ್ತಾತು. ಹಟಾ ಸಾಕು. ಹೊಸಾದ ಇಡ್ತೀನಿ, ಹೂಂ ಅನ್ನು." ಅವನ ಕೈ ಆಗಲೇ ಜುಬ್ಬಾದ ಜೇಬಿಗೆ ಹೋಗಿತ್ತು.

ಬೃಂದಾ ತಾಯಿಯ ಭುಜ ಮುಟ್ಟಿದಳು. "ಮಮ್. ಪ್ಲೀಸ್. ವಿ ಹ್ಯಾವ್ ಟು ಗೋ."

ಕಾಶವ್ವ ಚೀಲದಿಂದ ಅಂಗಿಯನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಕತ್ತರಿ ಕುತ್ತಿಗೆಯಿಂದ ಕೆಳಗಿನವರೆಗೆ ನೆಟ್ಟಗೆ ಓಡಿತ್ತು. ಸೀಳಿನಲ್ಲಿ ಪದರುಗಳು ಕಾಣುತ್ತಿದ್ದವು. ಅವನ ಧೋತರ, ಅವಳ ಹಸಿರು ಸೀರೆ, ಬೃಂದಾಳ ಫ್ರಾಕಿನ ನೀಲಿ ಚೌಕಳಿ. ಎಲ್ಲಿ ದಾರ ಬಿಟ್ಟಿದೆ, ಎಲ್ಲಿಂದ ಹಿಡಿಯಬೇಕು ಎಂದು ಬೆರಳುಗಳು ತಾವಾಗಿ ನೋಡಿಕೊಂಡು ಹೋದವು. ಹರಿದ ಬಟ್ಟೆ ಕೈಗೆ ಬಂದರೆ ಆ ಬೆರಳುಗಳಿಗೆ ಬೇರೆ ಗೊತ್ತಿರಲಿಲ್ಲ. ಹೊಟ್ಟೆಯ ಎಡಬದಿಗೆ ಬಂದು ನಿಂತವು.

"ಈ ಹೊಲಿಗಿ ನಂದಲ್ಲ," ಅಂದಳು ಕಾಶವ್ವ.

ಒಳಮೈಯಲ್ಲಿ, ತಾನು ಜೋಳ ತುಂಬಿ ಮುಚ್ಚಿದ ಹೊಟ್ಟೆಯ ಒಂದು ಬದಿಯನ್ನು ಯಾರೋ ಬಿಚ್ಚಿದ್ದರು. ಬಿಚ್ಚಿದ ಅಂಚನ್ನು ಕರಿ ದಾರದಲ್ಲಿ ಉದ್ದುದ್ದ, ಸೊಟ್ಟಸೊಟ್ಟಗೆ ಹೊಲಿದಿದ್ದರು. ಕಾಶವ್ವ ಬಿಳಿ ಬಟ್ಟೆಗೆ ಕರಿ ದಾರ ಹಾಕುವವಳಲ್ಲ. ಬಾಯಿಗೆ ಒಂದು ಗುಂಡಿ. ಬಸ್ ಡ್ರೈವರುಗಳ ಯೂನಿಫಾರ್ಮಿನ ಗುಂಡಿ.

ಗುಂಡಿ ಬಿಚ್ಚಿ ಕೈ ಒಳಗೆ ಹಾಕಿದಳು. ಜೋಳ ಬೆರಳಿಗೆ ತಗುಲಿತು. ಜೋಳದ ನಡುವೆ, ತಣ್ಣಗೆ, ಕರಡಿಗೆ.

ಸೈಮನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಅವರು ಅಲ್ಲಿಗೆ ಬಂದೊಡನೆ ಹಿಂದೆ ತಿರುಗಿ ನಿಂತು ಏನೋ ಮಾಡಿಕೊಳ್ಳುತ್ತಿದ್ದರು," ಎಂದಳು ಜೇನ್, ಬಿಳಿಚಿಕೊಂಡು. "ಪ್ರಾರ್ಥನೆ ಅಂದುಕೊಂಡಿದ್ದೆ. ಅಂಗಿಯ ಭಾರಕ್ಕೆ ಎದೆಯ ಮೇಲೆ ಏನಿದ್ದರೂ ಗಾಯದ ಜಾಗಕ್ಕೆ ಒತ್ತುತ್ತದೆ ಅನ್ನುತ್ತಿದ್ದರು. ಅಲ್ಲಿ ಗಂಟಿನ ಹಾಗೆ ಇದ್ದದ್ದು ನನಗೆ ಗೊತ್ತಿತ್ತು. ಅದು ನಿಮ್ಮ ಕಾಳು ಅಂತಲೇ ಹೇಳಿದ್ದರು. ನನ್ನ ಹೆಂಡತಿ ಹಕ್ಕಿಗೆ ಊಟ ಹಾಕಿ ಕಳಿಸಿದ್ದಾಳೆ ಅಂತ."

ಬೃಂದಾ ಅದನ್ನು ಕನ್ನಡಕ್ಕೆ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿ ಮುಖ ಮುಚ್ಚಿಕೊಂಡಳು. ಹೇಳಬೇಕಾದ ಅಗತ್ಯವಿರಲಿಲ್ಲ. ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದ ಕಾಶವ್ವನಿಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ತಾನು ಮನೆಯಿಂದ ಹೊರಗೆ ಹಾಕಿದ ಅಂಗಿಯಲ್ಲಿ, ತಾನು ಮಾಡಿದ ಹೊಟ್ಟೆಯಲ್ಲೇ, ಆ ಮನುಷ್ಯ ತನ್ನ ಲಿಂಗವನ್ನು ಇಟ್ಟುಕೊಂಡು ನಿಲ್ಲುತ್ತಿದ್ದ. ಎದೆಯೊಳಗೆ ಎಲ್ಲೋ ಆಳದಲ್ಲಿ ಏನೋ ಸರಿದ ಹಾಗಾಯಿತು. ಮೇಲೆ ಬರಲಿಲ್ಲ.

ಅವಳು ಎದ್ದು ಪೆಟ್ಟಿಗೆಯ ಹತ್ತಿರ ಹೋದಳು. ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಅವನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಲು ನೋಡಿದಳು. ಮಡಿಯಲಿಲ್ಲ. ನಿಜಲಿಂಗಪ್ಪ ತನ್ನ ಜೇಬಿನಿಂದ ಕೆಂಪು ವಸ್ತ್ರ ತೆಗೆದು ಕೈಯನ್ನು ಲಿಂಗದ ಸಮೇತ ಸುತ್ತಿದ. ಈಗ ಕಾಶವ್ವ ಗಂಡನ ಮುಖ ನೋಡಿದಳು.

"ಹೇಳಬಾರದಾಗಿತ್ತೇನ್ರಿ," ಅಂದಳು. ಬೈಯುವ ದನಿಯೇ. "ಬಿಳೀ ದಾರಾ ಹಾಕಿ ನಾನ ಹೊಲದ ಕೊಡ್ತಿದ್ದೆ."

*

ಮಣ್ಣು ಎಲ್ಲ ಕ್ರಮವಾಗಿ ಆಯಿತು. ನಿಜಲಿಂಗಪ್ಪ ಮಂತ್ರ ಹೇಳಿದ. ಈಲಿಂಗ್ ರೋಡಿನ ಅಂಗಡಿಯ ಒಣ ಬಿಲ್ವಪತ್ರೆ, ವಿಭೂತಿ, ಒಬ್ಬೊಬ್ಬರದು ಒಂದು ಹಿಡಿ ಲಂಡನ್ನಿನ ಅಂಟು ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದವು. ಸೈಮನ್ ಮಣ್ಣು ಹಾಕಿ, ಕೊಂಕಣಿಯಲ್ಲಿ ಏನೋ ಗುನುಗಿದ. ಜೇನ್ ದೂರ ನಿಂತಿದ್ದಳು. ಅವಳನ್ನು ಕರೆದು ಕೈಗೆ ಮಣ್ಣು ಕೊಟ್ಟದ್ದು ನಿಜಲಿಂಗಪ್ಪನೇ.

"ನಡೀರಿ ಇನ್ನ," ಎಂದ ಅವನು ಎಲ್ಲರಿಗೂ. "ಹಿಂದ ತಿರಗಿ ನೋಡಬ್ಯಾಡ್ರಿ."

ಜನ ಕಾರುಗಳ ಕಡೆ ಹೊರಟರು. ಬಯಲಿನಲ್ಲಿ ಮಾರ್ಚಿ ತಿಂಗಳ ಗಾಳಿ ಬೀಸುತ್ತಿತ್ತು. ಬೃಂದಾ ಹತ್ತು ಹೆಜ್ಜೆ ಹೋಗಿ, ತಾಯಿ ಪಕ್ಕದಲ್ಲಿಲ್ಲವೆಂದು ತಿರುಗಿದಳು. ಆಗಲೇ ಅವಳಿಗೆ ಕಂಡದ್ದು, ತಾಯಿಯ ಮೈಮೇಲೆ ಬರೀ ಸೀರೆ.

"ಮಮ್! ನಿನ್ನ ಕೋಟು ಎಲ್ಲಿ?"

"ಚಳಿ ಆಗತೈತಿ," ಎಂದಳು ಕಾಶವ್ವ, ಅದು ಈಗ ತಾನೇ ಗೊತ್ತಾದವಳ ಹಾಗೆ. ಮೈ ನಡುಗುತ್ತಿತ್ತು. ತೋಳಿನ ಮೇಲಿದ್ದ ಹಕ್ಕಿ ಅಂಗಿಯನ್ನು ಬಿಡಿಸಿ, ಒಂದು ರೆಕ್ಕೆಗೆ ಒಂದು ಕೈ, ಇನ್ನೊಂದಕ್ಕೆ ಇನ್ನೊಂದು ಕೈ ತೂರಿಸಿದಳು. ಮುಂಭಾಗ ಸೀಳಿದ್ದರಿಂದ ಕೋಟಿನ ಹಾಗೆ ಬಂತು. ಮುಸುಕನ್ನು ತಲೆಯ ಮೇಲೆ ಎಳೆದುಕೊಂಡಳು. ಕೆಳಗೆ ಕೈ ಹಾಕಿ ಹೊಟ್ಟೆಯ ಗುಂಡಿಯನ್ನು ಹುಡುಕಿ ಹಾಕಿದಳು. ಆಮೇಲೆ ಹಿಂದೆ ತಿರುಗಿ ಗಂಡನ ಕುಣಿಯ ಅಂಚಿಗೆ ಹೋಗಿ ನಿಂತಳು.

"ಏ ತಂಗಿ, ತಿರಗಿ ಹೋಗಬಾರದು..." ಎಂದು ನಿಜಲಿಂಗಪ್ಪ ಹೊರಟ. ಸೈಮನ್ ಅವನ ತೋಳು ಹಿಡಿದ. "ಬಿಡಿ. ನಿಲ್ಲಲಿ ಸ್ವಲ್ಪ."

ದಾರಿಯಲ್ಲಿ ನಿಂತಿದ್ದ ಜೇನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಮೈದಾನದಲ್ಲಿ ಆ ಹಕ್ಕಿಗಳನ್ನು ಬಲ್ಲವಳು ಅವಳೊಬ್ಬಳೇ.

ಮಣ್ಣು ಮುಚ್ಚಲು ಸಣ್ಣ ಯಂತ್ರ ಓಡಿಸಿಕೊಂಡು ಬಂದವನು ಎದುರಿಗೆ ಕಂಡದ್ದನ್ನು ನೋಡಿ ಬ್ರೇಕು ಹಾಕಿದ. ಒಂದು ದೊಡ್ಡ ಬೂದು ಹಕ್ಕಿ ತಲೆ ಬಗ್ಗಿಸಿಕೊಂಡು ಅಂಚಿನಲ್ಲಿ ನಿಂತಿತ್ತು, ಗಾಳಿಗೆ ಅದರ ಮೈಯ ಪುಕ್ಕವೆಲ್ಲ ಎದ್ದು ಎದ್ದು ಕೂರುತ್ತಿತ್ತು. ಅವನು ಎಂಜಿನ್ನು ಆರಿಸಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾದ. ಮೇಲೆ ವಿಮಾನವೊಂದು ಇಳಿಯಿತು, ಇನ್ನೊಂದು ಇಳಿಯಿತು. ಹಕ್ಕಿ ಕದಲಲಿಲ್ಲ.